ಜಾದೂ ಆಟಗಳಿಗೊಂದು ಸಂಕೇತಲಿಪಿ: ತೋರಿಕೆಯ ಸಾಲು, ನಿಜದ ಸಾಲು ಮತ್ತು ಉಳಿದ ಪ್ರಶ್ನೆಗಳು

ವಿಜಯಪುರ ಮಾಸ್ತರ:

ಬಳಗದ ಎಲ್ಲರಿಗೂ ನಮಸ್ಕಾರ. ಜಾದೂ ಆಟಗಳನ್ನು ಸಂಕೇತಗಳಲ್ಲಿ ಬರೆದಿಡುವ ಬಗ್ಗೆ ಬಹಳ ದಿನಗಳಿಂದ ಮನಸ್ಸಿನಲ್ಲಿದ್ದ ಒಂದು ಪ್ರಸ್ತಾಪವನ್ನು ನಿಮ್ಮ ಮುಂದಿಡುತ್ತಿದ್ದೇನೆ. ಜಾದೂ ಪುಸ್ತಕ ಓದಿದವರೆಲ್ಲರಿಗೂ ಈ ತೊಂದರೆ ಗೊತ್ತು. ಕಣ್ಣೆದುರಿಗೆ ಕ್ಷಣಾರ್ಧದಲ್ಲಿ ಮುಗಿಯುವ ಕೈಚಳಕವೊಂದನ್ನು ವಿವರಿಸಲು ಪುಟಗಟ್ಟಲೆ ಗದ್ಯ ಬೇಕಾಗುತ್ತದೆ, ಅದನ್ನು ಓದಿ ಮುಗಿಸುವಷ್ಟರಲ್ಲಿ ಯಾವ ಬೆರಳು ಎಲ್ಲಿತ್ತು ಎಂಬುದೇ ಮರೆತಿರುತ್ತದೆ. 1902ರಲ್ಲಿ ಎಸ್. ಡಬ್ಲ್ಯೂ. ಅರ್ಡ್ನೇಸ್ ಎಂಬ ಗುಪ್ತನಾಮದಿಂದ ಹೊರಬಂದ ಇಸ್ಪೀಟಿನ ಪ್ರಸಿದ್ಧ ಪುಸ್ತಕದಲ್ಲಿ ಚಿತ್ರಗಳೂ ಇವೆ, ಆದರೂ ಅದರ ಕೆಲವು ವಾಕ್ಯಗಳ ಅರ್ಥವೇನೆಂದು ಜಾದೂಗಾರರು ಇಂದಿಗೂ ಚರ್ಚಿಸುತ್ತಲೇ ಇದ್ದಾರೆ.

ಚದುರಂಗದವರು ಇಡೀ ಪಂದ್ಯವನ್ನು ಅರ್ಧ ಪುಟದಲ್ಲಿ ಬರೆದಿಡುತ್ತಾರೆ. ಹಿಂದೂಸ್ತಾನಿ ಸಂಗೀತಕ್ಕೆ ಭಾತಖಂಡೆಯವರ ಸ್ವರಲಿಪಿ ಇದೆ. ನೃತ್ಯಕ್ಕೆ ರುಡಾಲ್ಫ್ ಲಾಬಾನ್ 1928ರಲ್ಲಿ ಒಂದು ಲಿಪಿಯನ್ನು ಪ್ರಕಟಿಸಿದರು. ಜಾದೂಗಾರರಿಗೆ ಮಾತ್ರ ಎಲ್ಲರೂ ಒಪ್ಪಿ ಬಳಸುವ ಲಿಪಿ ಇಲ್ಲ, ಮತ್ತು ಇದಕ್ಕೆ ಗುಟ್ಟು ಕಾಯುವ ಅವರ ಸ್ವಭಾವವೊಂದೇ ಕಾರಣ ಎಂದು ನನಗೆ ಅನಿಸುವುದಿಲ್ಲ. ಲಾಬಾನರ ಲಿಪಿಯಲ್ಲಿ ಕೈಯ ಚಲನೆಯನ್ನು ಎಷ್ಟು ಸೂಕ್ಷ್ಮವಾಗಿ ಬರೆದರೂ ಆ ಬರಹದಲ್ಲಿ ಜಾದೂ ಎಲ್ಲಿದೆ ಎಂಬುದು ಕಾಣಿಸದು. ಏಕೆಂದರೆ ಕೈಯಲ್ಲಿ ನಡೆದದ್ದಕ್ಕೂ, ನಡೆಯಿತೆಂದು ನೋಡುಗರು ನಂಬಿದ್ದಕ್ಕೂ ನಡುವೆ ಬೀಳುವ ಅಂತರವೇ ಜಾದೂ. ಆ ಅಂತರ ಕಾಣಬೇಕಾದರೆ ಎರಡು ಸಾಲುಗಳನ್ನು ಒಂದರ ಕೆಳಗೊಂದು ಬರೆಯಬೇಕು.

ಎ ಎಂದರೆ ಎಡಗೈ, ಬ ಎಂದರೆ ಬಲಗೈ, ಜೇ ಎಂದರೆ ಜೇಬು. ತುಂಬಿದ ಚುಕ್ಕೆ ವಸ್ತು ಇದೆ ಎಂದೂ, ಖಾಲಿ ವೃತ್ತ ಇಲ್ಲ ಎಂದೂ ಸೂಚಿಸುತ್ತದೆ. ಬಾಣವು ಒಂದೆಡೆಯಿಂದ ಇನ್ನೊಂದೆಡೆಗೆ ಹೋದದ್ದನ್ನು ತೋರಿಸುತ್ತದೆ. ಶಾಲೆಯ ಮಕ್ಕಳೂ ಬಲ್ಲ ನಾಣ್ಯ ಮಾಯವಾಗುವ ಆಟವನ್ನೇ ತೆಗೆದುಕೊಳ್ಳೋಣ. ಎಡಗೈಯಲ್ಲಿರುವ ನಾಣ್ಯವನ್ನು ಬಲಗೈಯಿಂದ ತೆಗೆದುಕೊಂಡಂತೆ ನಟಿಸಿ, ಬಲಗೈಯನ್ನು ಮುಷ್ಟಿ ಮಾಡಿ, ಊದಿ ತೆರೆದರೆ ಅದು ಖಾಲಿಯಾಗಿರುತ್ತದೆ.

ಕ್ಷಣ: 1 | 2 | 3 | 4
ತೋರಿಕೆ: ಎ● ಬ○ | ಎ→ಬ | ಎ○ ಬ● | ಎ○ ಬ○
ನಿಜ: ಎ● ಬ○ | ಎ● ಬ○ | ಎ● ಬ○ | ಎ● ಬ○

ಕೆಳಗಿನ ಸಾಲಿನಲ್ಲಿ ಮೊದಲಿನಿಂದ ಕೊನೆಯವರೆಗೆ ಏನೂ ಬದಲಾಗಿಲ್ಲ ಎಂಬುದನ್ನು ಗಮನಿಸಿ. ಬದಲಾದದ್ದೆಲ್ಲ ಮೇಲಿನ ಸಾಲಿನಲ್ಲಿ. ಎರಡೂ ಸಾಲುಗಳು ಬೇರೆಯಾಗುವ ಎರಡನೆಯ ಕ್ಷಣದಲ್ಲಿ ಕೈಚಳಕವಿದೆ, ನೋಡುಗರಿಗೆ ಅಚ್ಚರಿಯಾಗುವುದು ನಾಲ್ಕನೆಯ ಕ್ಷಣದಲ್ಲಿ. ಈ ಎರಡು ಕ್ಷಣಗಳು ಒಂದರಿಂದೊಂದು ಎಷ್ಟು ದೂರವಿವೆಯೋ ಆಟ ಅಷ್ಟು ಗಟ್ಟಿ ಎಂಬುದು ಜಾದೂಗಾರರ ಹಳೆಯ ತಿಳಿವಳಿಕೆ, ಅದು ಇಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಈ ಲಿಪಿಯನ್ನು ಎಲ್ಲಿ ತಿದ್ದಬೇಕು, ಎಲ್ಲಿ ಸೋಲುತ್ತದೆ ಎಂದು ಬಲ್ಲವರು ಹೇಳಬೇಕೆಂದು ಕೋರುತ್ತೇನೆ.

ಜಮಖಂಡಿ ಓದುಗ:

ಮಾಸ್ತರರೇ, ಕೈಯಲ್ಲೊಂದು ಮೊಬೈಲ್ ಇರುವಾಗ ಇಷ್ಟೆಲ್ಲ ಚುಕ್ಕೆ, ಬಾಣ ಏಕೆ? ವಿಡಿಯೊ ಮಾಡಿಟ್ಟುಕೊಂಡರೆ ಯಾವ ಬೆರಳು ಎಲ್ಲಿತ್ತು ಎಂಬ ತಕರಾರೇ ಬರುವುದಿಲ್ಲ, ಬೇಕೆಂದಲ್ಲಿ ನಿಲ್ಲಿಸಿ ನೋಡಬಹುದು.

ವಿಜಯಪುರ ಮಾಸ್ತರ:

ಪ್ರಶ್ನೆ ನ್ಯಾಯವಾದುದೇ. ಆದರೆ ಪ್ರೇಕ್ಷಕರ ಕಡೆಯಿಂದ ತೆಗೆದ ವಿಡಿಯೊದಲ್ಲಿ ದಾಖಲಾಗುವುದು ತೋರಿಕೆಯ ಸಾಲು ಮಾತ್ರ. ಆಟ ಚೆನ್ನಾಗಿದ್ದಷ್ಟೂ ಆ ವಿಡಿಯೊ ಕಲಿಯುವವರಿಗೆ ನಿರುಪಯೋಗಿ, ಏಕೆಂದರೆ ಅದು ಅವರನ್ನೂ ವಂಚಿಸುತ್ತದೆ. ಜಾದೂಗಾರನ ಬೆನ್ನ ಹಿಂದಿನಿಂದ ತೆಗೆದರೆ ನಿಜದ ಸಾಲು ಸಿಗುತ್ತದೆ, ಆದರೆ ನೋಡುಗರಿಗೆ ಏನು ಕಂಡಿತು ಎಂಬುದು ಅದರಲ್ಲಿಲ್ಲ. ಎರಡೂ ಕಡೆಯಿಂದ ತೆಗೆದು ಒಟ್ಟಿಗೆ ಇಟ್ಟು ನೋಡಿದಾಗಲೂ ಪ್ರತಿ ಚಲನೆಗೂ ಒಂದೇ ತೂಕ ಬಂದಿರುತ್ತದೆ. ಕೆಮ್ಮಿದ್ದು, ತೋಳು ಸರಿಪಡಿಸಿಕೊಂಡದ್ದು, ನಾಣ್ಯ ಅಡಗಿಸಿದ್ದು, ಇವುಗಳಲ್ಲಿ ಯಾವುದು ಆಟಕ್ಕೆ ಬೇಕಾದದ್ದು ಎಂದು ವಿಡಿಯೊ ಹೇಳದು. ಬರೆಯುವವನು ಹೇಳಲೇಬೇಕಾಗುತ್ತದೆ.

ಟಿಳಕವಾಡಿ ಸಂಗೀತ ಶಿಕ್ಷಕಿ:

ನಾನು ಬೆಳಗಾವಿಯಲ್ಲಿ ಮಕ್ಕಳಿಗೆ ಹಾರ್ಮೋನಿಯಂ ಮತ್ತು ಗಾಯನ ಕಲಿಸುತ್ತೇನೆ. ಜಾದೂ ವಿಷಯದಲ್ಲಿ ನಾನು ಬರಿಯ ಪ್ರೇಕ್ಷಕಿ, ಆದರೆ ಲಿಪಿಯ ವಿಷಯದಲ್ಲಿ ಒಂದೆರಡು ಮಾತು ಹೇಳಬಲ್ಲೆ.

ಭಾತಖಂಡೆಯವರ ಪದ್ಧತಿಯಲ್ಲಿ ಸ್ವರದ ಕೆಳಗೆ ಅಡ್ಡಗೆರೆ ಎಳೆದರೆ ಕೋಮಲ, ಮಧ್ಯಮದ ಮೇಲೆ ನಿಲುಗೆರೆ ಎಳೆದರೆ ತೀವ್ರ. ಚುಕ್ಕೆ ಕೆಳಗಿದ್ದರೆ ಮಂದ್ರ, ಮೇಲಿದ್ದರೆ ತಾರ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡಿಗೆ ಮೇಲೊಂದು ಕಮಾನು. ಇಷ್ಟೇ ಸಾಮಗ್ರಿಯಿಂದ ನೂರಾರು ಬಂದಿಶುಗಳು, ಅಂದರೆ ಹಾಡಿನ ರಚನೆಗಳು, ಉಳಿದವು. ಆದರೆ ಆ ಕಮಾನನ್ನು ನೋಡಿ ಮೀಂಡು ಹಾಡಲು ಬರುವುದು, ಮೀಂಡನ್ನು ಮೊದಲೇ ಕಿವಿಯಿಂದ ಕೇಳಿ ಕಲಿತವರಿಗೆ ಮಾತ್ರ. ಗುರುವಿನ ಎದುರು ಕುಳಿತು ಕಲಿತದ್ದನ್ನು ನೆನಪಿಸುವುದು ಸ್ವರಲಿಪಿಯ ಕೆಲಸ, ಕಲಿಸುವುದು ಅದರ ಕೆಲಸವಲ್ಲ. ಪುಸ್ತಕ ನೋಡಿ ಹಾಡಿದ ರಾಗವನ್ನು ಯಾವ ಘರಾಣೆಯವರೂ ತಮ್ಮದೆಂದು ಒಪ್ಪುವುದಿಲ್ಲ. ಆದ್ದರಿಂದ ಮಾಸ್ತರರು ಮೊದಲು ತೀರ್ಮಾನಿಸಬೇಕಾದದ್ದು, ಈ ಲಿಪಿ ಬಲ್ಲವರಿಗೋ ಕಲಿಯುವವರಿಗೋ ಎಂಬುದನ್ನು. ಎರಡನ್ನೂ ಒಂದೇ ಲಿಪಿಯಿಂದ ಸಾಧಿಸಲು ಹೊರಟರೆ ಮತ್ತೆ ಪುಟಗಟ್ಟಲೆ ವಿವರಣೆಯೇ ಆಗುತ್ತದೆ.

ಇನ್ನೊಂದು ಸಂಗತಿ. ನೀವು ಕ್ಷಣಗಳಿಗೆ 1, 2, 3 ಎಂದು ಸಂಖ್ಯೆ ಕೊಟ್ಟಿದ್ದೀರಿ, ಆದರೆ ಎಲ್ಲ ಕ್ಷಣಗಳ ಭಾರ ಒಂದೇ ಅಲ್ಲ. ತೀನತಾಲದ ಹದಿನಾರು ಮಾತ್ರೆಗಳಲ್ಲಿ ಮೊದಲನೆಯದಾದ ಸಮ್‌ಗೆ ಗುಣಿಸು ಚಿಹ್ನೆ, ಒಂಬತ್ತನೆಯ ಮಾತ್ರೆಯ ಖಾಲಿಗೆ ಸೊನ್ನೆ ಇರುತ್ತದೆ. ಸಮ್ ಬಂದಾಗ ಸಭೆಯೆಲ್ಲ ತಲೆಯಾಡಿಸುತ್ತದೆ, ಖಾಲಿಯ ಭಾಗದಲ್ಲಿ ತಬಲಾದ ಡಗ್ಗಾ ಬಹುಮಟ್ಟಿಗೆ ಸುಮ್ಮನಾಗಿರುತ್ತದೆ. ಜಾದೂವಿನಲ್ಲಿಯೂ ಜನರೆಲ್ಲ ಬಿಗಿಹಿಡಿದು ನೋಡುವ ಕ್ಷಣ ಮತ್ತು ಉಸಿರು ಬಿಟ್ಟು ಸಡಿಲಾಗುವ ಕ್ಷಣ ಇರಬೇಕಲ್ಲವೇ? ಕೈಚಳಕವನ್ನು ಎಲ್ಲಿ ಮಾಡುತ್ತಾರೆ?

ವಿಜಯಪುರ ಮಾಸ್ತರ:

ಅಕ್ಕೋರೇ, ಸಡಿಲಾದ ಕ್ಷಣದಲ್ಲಿಯೇ. ಒಂದು ಚಮತ್ಕಾರ ಮುಗಿದು ಜನ ನಗುವಾಗ ಮುಂದಿನದಕ್ಕೆ ಸಿದ್ಧತೆ ನಡೆದುಹೋಗಿರುತ್ತದೆ. ಆದ್ದರಿಂದ ಗುಣಿಸು ಚಿಹ್ನೆಯನ್ನೂ ಸೊನ್ನೆಯನ್ನೂ ನಿಮ್ಮಿಂದ ಹಾಗೆಯೇ ಎರವಲು ಪಡೆಯುತ್ತೇನೆ. ಲಿಪಿ ಯಾರಿಗೆ ಎಂದು ಕೇಳಿದಿರಿ. ಬಲ್ಲವರಿಗೇ ಇರಲಿ.

ಬನಶಂಕರಿ ಬಯಲು, ಬಾದಾಮಿ:

ನಮ್ಮ ತಂದೆಯವರು ಬನಶಂಕರಿ ಜಾತ್ರೆಯಲ್ಲಿ, ಸವದತ್ತಿ ಎಲ್ಲಮ್ಮನ ಜಾತ್ರೆಯಲ್ಲಿ ಗಾರುಡಿ ಆಟ ಆಡಿದವರು. ನಾನು ಆ ಕಸುಬನ್ನು ಮುಂದುವರಿಸಲಿಲ್ಲವಾದರೂ ಸಣ್ಣವನಿದ್ದಾಗ ಅವರ ಜೋಳಿಗೆ ಹೊತ್ತು ಹಿಂದೆ ತಿರುಗಿದ್ದೇನೆ. ಆ ಅನುಭವದ ಮೇಲೆ ಮೂರು ಆಕ್ಷೇಪಗಳನ್ನು ಗೌರವದಿಂದಲೇ ಮುಂದಿಡುತ್ತೇನೆ.

ಮೊದಲನೆಯದು, ಮಾಸ್ತರರ ತೋರಿಕೆಯ ಸಾಲು ಒಂದೇ ಒಂದಿದೆ. ವೇದಿಕೆಯ ಮೇಲೆ ಆಡುವವರಿಗೆ ಅದು ಸರಿ, ಏಕೆಂದರೆ ಜನ ಒಂದೇ ಕಡೆ ಕುಳಿತಿರುತ್ತಾರೆ. ಬಯಲಿನಲ್ಲಿ ಆಡುವವನ ಸುತ್ತ ಜನ ಗುಂಡಾಗಿ ನಿಂತಿರುತ್ತಾರೆ. ಎದುರಿಗೆ ಕುಕ್ಕುರುಗಾಲಿನಲ್ಲಿ ಕುಳಿತ ಹುಡುಗರಿಗೆ ಕಾಣುವುದು ಬೇರೆ, ಬೆನ್ನ ಹಿಂದೆ ನಿಂತು ಬಗ್ಗಿ ನೋಡುವ ಹಿರಿಯರಿಗೆ ಕಾಣುವುದು ಬೇರೆ. ಹಿಂದೆ ನಿಂತವನಿಗೆ ಗುಟ್ಟು ತಿಳಿದರೂ ಅವನು ಬಾಯಿ ಬಿಡದಂತೆ ಅವನನ್ನೇ ಆಟದೊಳಗೆ ಸೇರಿಸಿಕೊಳ್ಳುವುದು ಗಾರುಡಿಗರ ಜಾಣತನ. ಇದನ್ನು ನಿಮ್ಮ ಲಿಪಿಯಲ್ಲಿ ಹೇಗೆ ಬರೆಯುತ್ತೀರಿ?

ಎರಡನೆಯದು ಹಿಡಿತದ ವಿಷಯ. ಬಟ್ಟಲು ಮತ್ತು ಗುಂಡಿನ ಆಟ ಯುರೋಪಿನಲ್ಲಿಯೂ ಇದೆ, ನಮ್ಮಲ್ಲಿಯೂ ಇದೆ. ಅವರದು ನೀಳವಾದ ಲೋಹದ ಲೋಟ, ಅದನ್ನು ಮೈ ಹಿಡಿದು ಎತ್ತುತ್ತಾರೆ. ನಮ್ಮದು ತಗ್ಗಾದ ಮರದ ಬಟ್ಟಲು, ನೆತ್ತಿಯಲ್ಲಿ ಗುಬುಟು ಇರುತ್ತದೆ, ಆ ಗುಬುಟನ್ನು ಎರಡು ಬೆರಳುಗಳ ಸಂದಿಯಲ್ಲಿ ಸಿಕ್ಕಿಸಿ ಎತ್ತುತ್ತಾರೆ. ಹಾಗೆ ಎತ್ತಿದಾಗ ಉಳಿದ ಬೆರಳುಗಳು ಏನು ಮಾಡುತ್ತಿರುತ್ತವೆ ಎಂಬುದರಲ್ಲಿಯೇ ಎಲ್ಲವೂ ಇದೆ, ಅದನ್ನು ನಾನು ಇಲ್ಲಿ ಬಿಚ್ಚಿಡುವುದಿಲ್ಲ. ಕೈ ಎಂದರೆ ಎ ಮತ್ತು ಬ ಎರಡೇ ಅಕ್ಷರ ಎಂದಾದರೆ ಎರಡು ಪರಂಪರೆಗಳ ನಡುವಿನ ವ್ಯತ್ಯಾಸವೇ ಅಳಿಸಿಹೋಗುತ್ತದೆ.

ಮೂರನೆಯದು ಗುಟ್ಟಿನದು. ಈ ಕಸುಬು ನಂಬಿ ಹೊಟ್ಟೆ ಹೊರೆದವರು ಬರೆದಿಡಲಿಲ್ಲ, ಮಗನಿಗೋ ಅಳಿಯನಿಗೋ ಬಾಯಿಂದ ಹೇಳಿದರು. ಬರೆದ ದಿನವೇ ಅದು ಊರಿನದಾಗುತ್ತದೆ.

ಗೋಕಾಕ ಚೆಂಡಾಟ:

ಹಿರಿಯರ ಮಾತಿನ ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಚೆಂಡುಗಳನ್ನು ಗಾಳಿಯಲ್ಲಿ ಎಸೆದು ಹಿಡಿಯುವ ಆಟದವನು. ನಮ್ಮ ಆಟಕ್ಕೆ ಈಗಾಗಲೇ ಒಂದು ಗಟ್ಟಿಯಾದ ಸಂಕೇತಲಿಪಿ ಇದೆ, ಅದರಿಂದ ಮಾಸ್ತರರಿಗೆ ಉಪಯೋಗವಾಗಬಹುದೆಂದು ಬರೆಯುತ್ತಿದ್ದೇನೆ.

ಅದರ ಹೆಸರು ಸೈಟ್‌ಸ್ವಾಪ್. 1980ರ ದಶಕದಲ್ಲಿ ಅಮೆರಿಕದ ಸಾಂತಾಕ್ರೂಜ್‌ನಲ್ಲಿ, ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಮತ್ತು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಬೇರೆ ಬೇರೆ ಜನ ಒಬ್ಬರಿಗೊಬ್ಬರು ಗೊತ್ತಿಲ್ಲದೆಯೇ ಇದನ್ನು ಕಂಡುಕೊಂಡರು. ಪ್ರತಿ ಎಸೆತಕ್ಕೂ ಒಂದು ಅಂಕಿ. ಆ ಚೆಂಡನ್ನು ಮತ್ತೆ ಎಸೆಯುವುದು ಎಷ್ಟು ತಾಳದ ನಂತರ ಎಂಬುದನ್ನು ಆ ಅಂಕಿ ಹೇಳುತ್ತದೆ. ಬೆಸ ಅಂಕಿಯಾದರೆ ಚೆಂಡು ಇನ್ನೊಂದು ಕೈಗೆ ಹೋಗುತ್ತದೆ, ಸಮ ಅಂಕಿಯಾದರೆ ಅದೇ ಕೈಗೆ ಮರಳುತ್ತದೆ. 441 ಎಂಬುದು ಮೂರು ಚೆಂಡುಗಳ ಆಟ, ಏಕೆಂದರೆ ಅಂಕಿಗಳ ಸರಾಸರಿ 3. ಸರಾಸರಿ ಸರಿಯಿದ್ದರೆ ಸಾಕೆಂದಲ್ಲ. 432ರ ಸರಾಸರಿಯೂ 3, ಆದರೆ ಮೊದಲ ತಾಳದಲ್ಲಿ ಎಸೆದ 4, ಎರಡನೆಯದರಲ್ಲಿ ಎಸೆದ 3, ಮೂರನೆಯದರಲ್ಲಿ ಎಸೆದ 2, ಈ ಮೂರೂ ಚೆಂಡುಗಳು ಐದನೆಯ ತಾಳಕ್ಕೆ ಒಂದೇ ಕೈಗೆ ಬಂದು ಬೀಳುತ್ತವೆ. ಅದನ್ನೇ 423 ಎಂದು ಅದಲುಬದಲು ಮಾಡಿದರೆ ಆಟ ಸಲೀಸಾಗಿ ನಡೆಯುತ್ತದೆ. ಇದನ್ನು ತಿಳಿಯಲು ಚೆಂಡು ಮುಟ್ಟಬೇಕಾಗಿಯೇ ಇಲ್ಲ.

ಕೈ ಬೆನ್ನ ಹಿಂದಿದೆಯೋ ಕಾಲ ಕೆಳಗಿದೆಯೋ ಎಂಬುದನ್ನು ಈ ಲಿಪಿ ಸಂಪೂರ್ಣ ಕೈಬಿಟ್ಟಿದೆ. ಹಾಗೆ ಕೈಬಿಟ್ಟದ್ದರಿಂದಲೇ ಅದಕ್ಕೆ ಲೆಕ್ಕ ಹಾಕುವ ಶಕ್ತಿ ಬಂತು, ಅದಕ್ಕೂ ಮೊದಲು ಯಾರೂ ಎಸೆದಿರದ ಆಟಗಳನ್ನು ಕಾಗದದ ಮೇಲೆ ಮೊದಲು ಕಂಡು ಆಮೇಲೆ ಎಸೆದು ಕಲಿತರು. ಹೀಗಾಗಿ ಬಾದಾಮಿಯ ಅಣ್ಣಾವ್ರು ಹೇಳಿದ ಬೆರಳುಗಳ ಹಿಡಿತವನ್ನೆಲ್ಲ ಸೇರಿಸಬಾರದು ಎಂದು ನನ್ನ ವಿನಂತಿ. ಮಾಸ್ತರರಿಗೆ ನನ್ನ ಪ್ರಶ್ನೆ ಒಂದೇ. ನಿಮ್ಮ ಎರಡು ಸಾಲುಗಳಿಂದ, ಯಾರೂ ಮಾಡದ ಹೊಸ ಆಟವೊಂದು ಹುಟ್ಟಬಲ್ಲುದೇ?

ವಿಜಯಪುರ ಮಾಸ್ತರ:

ತಮ್ಮಾ, ನಿನ್ನ ಪ್ರಶ್ನೆಗೆ ಅರ್ಧ ಉತ್ತರ ಇಸ್ಪೀಟಿನಲ್ಲಿದೆ. ಎಲೆಯು ಕಟ್ಟಿನಲ್ಲಿ ಎಷ್ಟನೆಯದು ಎಂಬುದಷ್ಟೇ ಮುಖ್ಯವಾದ ಆಟಗಳಲ್ಲಿ ಸಂಕೇತ ನಿಜಕ್ಕೂ ಲೆಕ್ಕ ಹಾಕುತ್ತದೆ. ಕಟ್ಟನ್ನು ಸರಿಯಾಗಿ 26–26 ಎಲೆಗಳಾಗಿ ಸೀಳಿ ಒಂದು ಬಿಟ್ಟು ಒಂದು ಹೆಣೆಯುವ ಕಲಸುವಿಕೆಯಲ್ಲಿ ಮೇಲಿನ ಎಲೆ ಮೇಲೆಯೇ ಉಳಿದರೆ ಹೊರಗಲಸು, ಎರಡನೆಯದಾದರೆ ಒಳಗಲಸು ಎಂದು ಕರೆಯೋಣ. ಹೊರಗಲಸನ್ನು ಎಂಟು ಸಲ ತಪ್ಪಿಲ್ಲದೆ ಮಾಡಿದರೆ 52 ಎಲೆಗಳೂ ಮೊದಲಿನ ಕ್ರಮಕ್ಕೆ ಮರಳುತ್ತವೆ. ಮೇಲಿನ ಎಲೆಯನ್ನು ಬೇಕಾದ ಸ್ಥಾನಕ್ಕೆ ಇಳಿಸಲು ಬ್ರಿಟನ್ನಿನ ಅಲೆಕ್ಸ್ ಎಲ್ಮ್ಸ್‌ಲಿ ಎಂಬ ಜಾದೂಗಾರ ಒಂದು ಸೊಗಸಾದ ದಾರಿ ತೋರಿಸಿದ. ಅದರ ಮೇಲೆ ಎಷ್ಟು ಎಲೆ ಬರಬೇಕೋ ಆ ಸಂಖ್ಯೆಯನ್ನು 0 ಮತ್ತು 1ರ ದ್ವಿಮಾನ ಪದ್ಧತಿಯಲ್ಲಿ ಬರೆದು, 1 ಇದ್ದಲ್ಲಿ ಒಳಗಲಸು, 0 ಇದ್ದಲ್ಲಿ ಹೊರಗಲಸು ಮಾಡುತ್ತ ಹೋದರಾಯಿತು. ಮೇಲೆ ಆರು ಎಲೆ ಬೇಕಾದರೆ 110, ಅಂದರೆ ಒಳಗೆ, ಒಳಗೆ, ಹೊರಗೆ.

ಅಷ್ಟು ಕೈಹಿಡಿತ ಇಲ್ಲದ ನನ್ನಂಥವರಿಗೆ 27 ಎಲೆಗಳ ಆಟವಿದೆ. ಫ್ರಾನ್ಸಿನ ಗಣಿತಜ್ಞ ಗೆರ್ಗೋನ್ ಎರಡು ಶತಮಾನಗಳ ಹಿಂದೆಯೇ ಇದನ್ನು ವಿಶ್ಲೇಷಿಸಿದ್ದ. ನೋಡುಗರು ಮನಸ್ಸಿನಲ್ಲಿ ಒಂದು ಎಲೆಯನ್ನೂ 1ರಿಂದ 27ರೊಳಗೆ ಒಂದು ಸಂಖ್ಯೆಯನ್ನೂ ಆರಿಸಿಕೊಂಡು ಸಂಖ್ಯೆಯನ್ನು ಮಾತ್ರ ಹೇಳುತ್ತಾರೆ. ಎಲೆಗಳನ್ನು ಮುಖ ಮೇಲಾಗಿ ಅಡ್ಡಸಾಲಿನಲ್ಲಿ ಮೂರು ರಾಶಿಗಳಿಗೆ ಹಂಚಿ, ಅವರ ಎಲೆ ಯಾವ ರಾಶಿಯಲ್ಲಿದೆ ಎಂದು ಕೇಳಿ, ಮೂರನ್ನೂ ಒಟ್ಟು ಮಾಡಬೇಕು. ಹೀಗೆ ಮೂರು ಸಲ. ಅವರ ರಾಶಿಯನ್ನು ಮೇಲಿಟ್ಟರೆ 0, ನಡುವೆ ಇಟ್ಟರೆ 1, ಕೆಳಗಿಟ್ಟರೆ 2 ಎನ್ನೋಣ. ಅವರು 18 ಎಂದರೆ ಮೇಲೆ 17 ಎಲೆ ಬರಬೇಕು. 17 ಎಂದರೆ ಒಂದು ಒಂಬತ್ತು, ಎರಡು ಮೂರುಗಳು, ಎರಡು ಬಿಡಿ. ಬಿಡಿಯಿಂದ ಆರಂಭಿಸಿ 2, 2, 1 ಎಂದು ಇಟ್ಟರೆ, ಅಂದರೆ ಕೆಳಗೆ, ಕೆಳಗೆ, ನಡುವೆ, ಮೂರನೆಯ ಸಲ ಒಟ್ಟು ಮಾಡಿದ ಮೇಲೆ ಅವರ ಎಲೆ ಹದಿನೆಂಟನೆಯದಾಗಿ ಕುಳಿತಿರುತ್ತದೆ. ಒಂದು ಪುಟದ ಆಟ ಮೂರು ಅಂಕಿಗಳಲ್ಲಿ ಮುಗಿಯಿತು.

ಆದರೆ ಉತ್ತರ ಅರ್ಧವೇ ಎಂದು ಏಕೆ ಹೇಳಿದೆನೆಂದರೆ, ಈ ಅಂಕಿಗಳು ನಿಜದ ಸಾಲನ್ನು ಮಾತ್ರ ಲೆಕ್ಕ ಹಾಕುತ್ತವೆ. ರಾಶಿಗಳನ್ನು ಯಾವ ಕ್ರಮದಲ್ಲಿ ಎತ್ತುತ್ತೇನೆ ಎಂಬುದಕ್ಕೆ ಯಾವ ಮಹತ್ವವೂ ಇಲ್ಲವೆಂದು ನೋಡುಗರು ನಂಬಬೇಕು. ಆ ನಂಬಿಕೆಗೆ ಯಾವ ಅಂಕಗಣಿತವೂ ಇಲ್ಲ.

ಇಳಕಲ್ ದಾರ:

ಮಾಸ್ತರರು ಹೇಳಿದ 27 ಎಲೆಗಳ ಆಟವನ್ನು ಮನೆಯಲ್ಲಿ ಹಾಕಿ ನೋಡಿದವರಿಗೆ ಒಂದು ತೊಡಕು ಎದುರಾಗುವುದು ಖಂಡಿತ. "ಮೇಲೆ" ಎಂದರೆ ಯಾವ ಮೇಲೆ? ಎಲೆಗಳು ಮುಖ ಮೇಲಾಗಿ ಬಿದ್ದಿವೆ. ರಾಶಿಗಳನ್ನು ಒಟ್ಟು ಮಾಡಿ ಕಟ್ಟನ್ನು ಮಗುಚಿದಾಗ ಎಲ್ಲಕ್ಕಿಂತ ಕೆಳಗಿದ್ದ ರಾಶಿ ಮೇಲಕ್ಕೆ ಬರುತ್ತದೆ. ಮಗುಚಿದ ಮೇಲಿನ ಲೆಕ್ಕವನ್ನು ಮಾಸ್ತರರು ಕೊಟ್ಟಿದ್ದಾರೆ, ಆದರೆ ರಾಶಿಗಳನ್ನು ಎತ್ತುವಾಗ ಕಣ್ಣಿಗೆ ಕಾಣುವುದು ಅದರ ತಿರುವುಮುರುವು. ಲಿಪಿಯಲ್ಲಿ ಇದನ್ನು ಮೊದಲ ಗೆರೆಯಲ್ಲಿಯೇ ಸ್ಪಷ್ಟಪಡಿಸದಿದ್ದರೆ 0 ಮತ್ತು 2 ಅದಲುಬದಲಾಗಿ ಆಟ ಕೆಡುತ್ತದೆ. ಎಡ ಮತ್ತು ಬಲದ ಕಥೆಯೂ ಇದೇ. ಆಡುವವನ ಎಡಗೈ ಎದುರು ಕುಳಿತವನಿಗೆ ಬಲಬದಿಯಲ್ಲಿ ಕಾಣುತ್ತದೆ. ತೋರಿಕೆಯ ಸಾಲು ನೋಡುಗರದು ಎನ್ನುವುದಾದರೆ ಅಲ್ಲಿ ಎ ಎಂದರೆ ಯಾರ ಎಡ?

ದಾರದ ಆಟಗಳನ್ನು ಬರೆದಿಡುವ ವಿಷಯದಲ್ಲಿ ಇದಕ್ಕೊಂದು ಹಳೆಯ ಪರಿಹಾರವಿದೆ. ಬೆರಳುಗಳಿಗೆ ದಾರ ಸುತ್ತಿ ಆಕೃತಿ ಮಾಡುವ ಆಟವನ್ನು ದಾಖಲಿಸಲು ರಿವರ್ಸ್ ಮತ್ತು ಹ್ಯಾಡನ್ ಎಂಬ ಇಬ್ಬರು ವಿದ್ವಾಂಸರು 1902ರಲ್ಲಿ ಒಂದು ಪದ್ಧತಿಯನ್ನು ಪ್ರಕಟಿಸಿದರು. ಅವರು ಹತ್ತಿರ, ದೂರ, ಮೇಲೆ, ಕೆಳಗೆ ಎಂಬ ಮಾತುಗಳನ್ನು ಬಿಟ್ಟು, ಅಂಗೈ ಬದಿ, ಮುಂಗೈ ಬದಿ, ಹೆಬ್ಬೆರಳ ಬದಿ, ಕಿರುಬೆರಳ ಬದಿ ಎಂದು ದೇಹಕ್ಕೆ ಅಂಟಿದ ದಿಕ್ಕುಗಳನ್ನೇ ಬಳಸಿದರು. ಕೈ ಯಾವ ಕಡೆ ತಿರುಗಿದರೂ ಹೆಬ್ಬೆರಳ ಬದಿ ಹೆಬ್ಬೆರಳ ಬದಿಯೇ. ಬಾದಾಮಿಯವರ ಬಟ್ಟಲಿನ ಹಿಡಿತವನ್ನು ಬರೆಯಲೇಬೇಕಾದಲ್ಲಿ ಇದು ಸಾಕಾಗುತ್ತದೆ, ಬೇಡವಾದಲ್ಲಿ ಬಿಡಬಹುದು.

ಕಾಗದ ಮಡಿಸುವ ಕಲೆಗೂ ಇಂಥದೇ ಚಿಹ್ನೆಗಳಿವೆ. ಒಳಮಡಿಕೆಗೆ ತುಂಡುಗೆರೆ, ಹೊರಮಡಿಕೆಗೆ ಗೆರೆ ಮತ್ತು ಚುಕ್ಕೆ. ಜಪಾನಿನ ಯೋಶಿಜಾವಾ ರೂಪಿಸಿದ ಆ ಪದ್ಧತಿಯನ್ನು ಪಶ್ಚಿಮದಲ್ಲಿ ಬೆಳೆಸಿದ ಇಬ್ಬರಲ್ಲಿ ಒಬ್ಬನಾದ ರಾಬರ್ಟ್ ಹಾರ್ಬಿನ್ ವೃತ್ತಿಯಿಂದ ಜಾದೂಗಾರ, ಪೆಟ್ಟಿಗೆಯಲ್ಲಿ ನಿಂತ ಮಹಿಳೆಯ ನಡುಭಾಗವನ್ನು ಪಕ್ಕಕ್ಕೆ ಸರಿಸುವ ಪ್ರಸಿದ್ಧ ಆಟವನ್ನು ಕಂಡುಹಿಡಿದವನು. ಕಾಗದದ ಲಿಪಿಯನ್ನು ಬೆಳೆಸಿದವನು ತನ್ನ ಕಸುಬಿಗೊಂದು ಲಿಪಿ ಮಾಡಲಿಲ್ಲ. ಬಾದಾಮಿಯವರ ಮೂರನೆಯ ಆಕ್ಷೇಪಕ್ಕೆ ಇದನ್ನು ಬೆಂಬಲವೆಂದು ಬೇಕಾದರೆ ಎಣಿಸಿ.

ವಿಜಯಪುರ ಮಾಸ್ತರ:

ಇಳಕಲ್ಲಿನವರ ಎರಡೂ ತಿದ್ದುಪಡಿಗಳು ನನಗೆ ಒಪ್ಪಿಗೆ. ಎ ಮತ್ತು ಬ ಎರಡೂ ಸಾಲುಗಳಲ್ಲಿ ಆಡುವವನ ಕೈಗಳೇ. ಕಟ್ಟಿನ ವಿಷಯದಲ್ಲಿ "ಮೇಲೆ" ಎಂದರೆ ಮುಖ ಕೆಳಗಾದಾಗಿನ ಮೇಲೆ. ಬೆರಳಿನ ವಿವರ ಬೇಕಾದವರು ಕೈಯ ಅಕ್ಷರದ ಪಕ್ಕ ಹೆಬ್ಬೆರಳಿನಿಂದ ಎಣಿಸಿದ ಅಂಕಿ ಸೇರಿಸಬಹುದು. ಗೋಕಾಕದ ಹುಡುಗ ಬೇಸರ ಮಾಡಿಕೊಳ್ಳುವುದು ಬೇಡ, ಅದು ಕಡ್ಡಾಯವಲ್ಲ.

ಗುಟ್ಟಿನ ಮಾತಿಗೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಯಾರ ಹೊಟ್ಟೆಪಾಡು ಇನ್ನೂ ಅದರ ಮೇಲೆ ನಿಂತಿದೆಯೋ ಅವರ ಆಟದ ನಿಜದ ಸಾಲನ್ನು ಅವರ ಒಪ್ಪಿಗೆಯಿಲ್ಲದೆ ಯಾರೂ ಬರೆಯಬಾರದು, ಅಷ್ಟನ್ನು ನಿಯಮವನ್ನಾಗಿಯೇ ಇಟ್ಟುಕೊಳ್ಳೋಣ. ತೋರಿಕೆಯ ಸಾಲನ್ನು ಮಾತ್ರ ಬರೆದಿಟ್ಟರೂ ಅದು ಸಣ್ಣ ದಾಖಲೆಯಲ್ಲ. ಯಾವ ಕ್ರಮದಲ್ಲಿ ಏನೇನು ಕಂಡಿತು ಎಂಬುದೇ ಎಷ್ಟೋ ಹಳೆಯ ಆಟಗಳ ವಿಷಯದಲ್ಲಿ ಈಗ ಯಾರಿಗೂ ನೆನಪಿಲ್ಲ.

ಬನಶಂಕರಿ ಬಯಲು, ಬಾದಾಮಿ:

ಆ ನಿಯಮಕ್ಕೆ ನನ್ನ ಒಪ್ಪಿಗೆ ಇದೆ. ಹಾಗಾದರೆ ಇನ್ನೊಂದು ಮಾತನ್ನು ಧೈರ್ಯವಾಗಿ ಹೇಳಬಹುದು. ಮಾಸ್ತರರ ಎರಡು ಸಾಲುಗಳಿಗೆ ಮೂರನೆಯದೊಂದು ಬೇಕೇ ಬೇಕು, ಅದು ಸಂಶಯದ ಸಾಲು.

ಜಾತ್ರೆಯಲ್ಲಿ ನಿಂತು ನೋಡುವವನು ತೋರಿಸಿದ್ದನ್ನೆಲ್ಲ ನಂಬುವ ದಡ್ಡನಲ್ಲ. "ಎಡಗೈಯಾಗ ಐತಿ, ಎಡಗೈ ತೆಗೀರಿ" ಎಂದು ಕೂಗುತ್ತಾನೆ. ನಮ್ಮ ತಂದೆಯವರು ಕೂಗಿದ ಕೂಡಲೇ ಕೈ ತೆಗೆಯುತ್ತಿರಲಿಲ್ಲ. ಕೇಳಿಸದವರಂತೆ ಬೇರೆಲ್ಲೋ ನೋಡುತ್ತಿದ್ದರು, ಕೈಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು, ಕೂಗು ಹೆಚ್ಚಾಗುವವರೆಗೆ ಕಾಯುತ್ತಿದ್ದರು. ಕೊನೆಗೆ ತೆರೆದಾಗ ಕೈ ಖಾಲಿ. ಆ ಸಂಶಯವನ್ನು ಹುಟ್ಟಿಸಿದವರೂ ಅವರೇ, ಕೊಂದವರೂ ಅವರೇ. ಮಾಸ್ತರರು ಬರೆದ ನಾಣ್ಯದ ಆಟದಲ್ಲಿ ನಾಲ್ಕನೆಯ ಕ್ಷಣಕ್ಕೆ ಎಡಗೈ ತೆರೆಯಿರಿ ಎಂದು ಯಾರಾದರೂ ಕೇಳಿದರೆ ಆಟ ಅಲ್ಲಿಗೇ ಮುಗಿಯಿತು. ಎರಡು ಸಾಲುಗಳ ಬರಹದಲ್ಲಿ ಈ ದೋಷ ಎಲ್ಲಿಯೂ ಕಾಣುವುದಿಲ್ಲ, ಅದು ಚೊಕ್ಕ ಆಟದಂತೆಯೇ ಕಾಣುತ್ತದೆ.

ವಿಜಯಪುರ ಮಾಸ್ತರ:

ಇದು ನಿಜವಾಗಿಯೂ ಬೆಲೆಯುಳ್ಳ ಮಾತು, ಇದರಿಂದ ಲಿಪಿಯ ಸ್ವರೂಪವೇ ಬದಲಾಗುತ್ತದೆ. ನಾಣ್ಯದ ಆಟವನ್ನು ಮೂರು ಸಾಲುಗಳಲ್ಲಿ ಮತ್ತೆ ಬರೆಯುತ್ತೇನೆ. ಎಡಗೈಯನ್ನು ಖಾಲಿ ಮಾಡಲು ಒಂದು ನೆಪ ಬೇಕು, ಆದ್ದರಿಂದ ಮಂತ್ರದಂಡದ ಬದಲಿಗೆ ಜೇಬಿನಲ್ಲಿರುವ ಪೆನ್ನನ್ನು ತರೋಣ. ನಾಣ್ಯವನ್ನು ಬಲಗೈಗೆ ಕೊಟ್ಟದ್ದೇಕೆಂದರೆ ಎಡಗೈ ಪೆನ್ನು ತೆಗೆಯಬೇಕಿತ್ತು. ಒಂದು ಕೆಲಸಕ್ಕೆ ಹೋಗುವ ದಾರಿಯಲ್ಲಿ ನಡೆದ ಇನ್ನೊಂದು ಕೆಲಸವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬ ತತ್ವವನ್ನು ಸ್ಪೇನಿನ ಅರ್ತುರೊ ದೆ ಅಸ್ಕಾನಿಯೊ ಎಂಬ ಜಾದೂಗಾರ ವಿವರವಾಗಿ ಬೆಳೆಸಿದ್ದಾನೆ. ಸಂಶಯದ ಸಾಲಿನಲ್ಲಿ ಪ್ರಶ್ನೆ ಚಿಹ್ನೆ ಎಂದರೆ ಸಂಶಯ ಹುಟ್ಟಿತು, ಅಡ್ಡಗೀಟು ಎಂದರೆ ಅಲ್ಲಿಯೇ ಪರಿಹಾರವಾಯಿತು. ಈ ಮೂರರ ಮೇಲೆ ಭಾರ ಬರೆದಿದ್ದೇನೆ: × ಎಂದರೆ ಜನ ಬಿಗಿಹಿಡಿದು ನೋಡುವ ಕ್ಷಣ, 0 ಎಂದರೆ ಸಡಿಲಾದ ಕ್ಷಣ, – ಎಂದರೆ ಎರಡೂ ಅಲ್ಲದ್ದು.

ಕ್ಷಣ: 1 | 2 | 3 | 4 | 5 | 6
ಭಾರ: × | 0 | 0 | – | × | ×
ತೋರಿಕೆ: ಎ● ಬ○ | ಎ→ಬ | ಬ●, ಎ ಜೇಬಿಗೆ | ಬ●, ಎ ಪೆನ್ನಿನೊಡನೆ | ಬ○ | ಎ○ ಬ○
ನಿಜ: ಎ● ಬ○ | ಎ● ಬ○ | ಎ→ಜೇ | ಜೇ● | ಜೇ● | ಜೇ●
ಸಂಶಯ: ಇಲ್ಲ | ಇಲ್ಲ | ಇಲ್ಲ | ಬ? | ಎ? | ಎ ಅಡ್ಡಗೀಟು, ಜೇ?

ಬರೆದ ಕೂಡಲೇ ಹೊಸ ಲಿಪಿ ತನ್ನ ಮೊದಲ ಕೆಲಸ ಮಾಡಿತು ನೋಡಿ. ಆರನೆಯ ಕ್ಷಣದಲ್ಲಿ ಎಡಗೈಯ ಸಂಶಯ ಪರಿಹಾರವಾಯಿತು, ಆದರೆ ಅದರ ಜಾಗಕ್ಕೆ ಜೇಬಿನ ಸಂಶಯ ಬಂದು ಕುಳಿತು ಪರಿಹಾರವಿಲ್ಲದೆ ಉಳಿಯಿತು. ಗೋಕಾಕದ ತಮ್ಮ ಕೇಳಿದ ಪ್ರಶ್ನೆಯನ್ನು ಹೀಗೆ ಬದಲಿಸಿ ಉತ್ತರಿಸಬಹುದು: ಈ ಲಿಪಿಯಿಂದ ಹೊಸ ಆಟ ತಾನಾಗಿ ಹುಟ್ಟದು, ಆದರೆ ಆಟದಲ್ಲಿ ತೂತು ಎಲ್ಲಿದೆ ಎಂದು ಆಡುವ ಮೊದಲೇ ಕಾಣುತ್ತದೆ. 432ರಲ್ಲಿ ಚೆಂಡುಗಳು ಡಿಕ್ಕಿ ಹೊಡೆಯುವುದು ಕಂಡಂತೆಯೇ.

ಗೋಕಾಕ ಚೆಂಡಾಟ:

ಒಪ್ಪಿದೆ ಸರ್. ಆದರೆ 432ರಲ್ಲಿ ಡಿಕ್ಕಿ ಲೆಕ್ಕದಿಂದ ಸಾಬೀತಾಗುತ್ತದೆ, ಇಲ್ಲಿ ಜೇಬಿನ ಮೇಲೆ ಸಂಶಯ ಬರುತ್ತದೆ ಎಂಬುದು ಬರೆಯುವವರ ಅಂದಾಜು. ಇಬ್ಬರು ಬರೆದರೆ ಮೂರನೆಯ ಸಾಲು ಎರಡು ಬಗೆಯಾಗಬಹುದು.

ಬನಶಂಕರಿ ಬಯಲು, ಬಾದಾಮಿ:

ಆಗಲಿ, ತಪ್ಪೇನು? ವಿಜಯಪುರದ ಸಿದ್ಧೇಶ್ವರ ಜಾತ್ರೆಯ ಜನಕ್ಕೂ ಹಳ್ಳಿಯ ಶಾಲೆಯ ಮಕ್ಕಳಿಗೂ ಒಂದೇ ಕಡೆ ಸಂಶಯ ಬರುವುದಿಲ್ಲ. ಮಕ್ಕಳು ಮೊದಲು ಅಂಗಿಯ ತೋಳು ಜಗ್ಗಿ ನೋಡುತ್ತಾರೆ. ಯಾವ ಜನರ ಮುಂದೆ ಆಡಿದ್ದು ಎಂದು ತಲೆಬರಹದಲ್ಲಿ ಬರೆದು, ಆಡಿದ ಮೇಲೆ ಆ ಸಾಲನ್ನು ತುಂಬಬೇಕು. ಮೊದಲ ಎರಡು ಸಾಲು ಶಾಯಿಯಲ್ಲಿರಲಿ, ಮೂರನೆಯದು ಪೆನ್ಸಿಲಿನಲ್ಲಿರಲಿ.

ಜೇಬಿನ ಸಂಶಯಕ್ಕೆ ನಮ್ಮ ಕಡೆಯ ಮದ್ದು ಮಾತು. ಜೇಬಿನಿಂದ ಕೈ ಬಂದ ಕೂಡಲೇ ಮುಷ್ಟಿ ತೆರೆಯಬಾರದು. ನಾಣ್ಯ ಯಾರದು, ಯಾವ ಊರಿನವರು, ಮರಳಿ ಸಿಗದಿದ್ದರೆ ಬೈಯುತ್ತೀರೇನು ಎಂದು ಮಾತಿಗೆಳೆದು, ಅವರು ಜೇಬನ್ನು ಮರೆಯುವಷ್ಟು ಹೊತ್ತು ಕಳೆಯಬೇಕು. ಅಂದರೆ ನಾಲ್ಕು ಮತ್ತು ಐದರ ನಡುವೆ ಬಹಳ ಅಂತರ ಬೇಕು. ನಿಮ್ಮ ಬರಹದಲ್ಲಿ ಎಲ್ಲ ಕ್ಷಣಗಳೂ ಒಂದೇ ಅಗಲದ ಮನೆಗಳಲ್ಲಿವೆ.

ಟಿಳಕವಾಡಿ ಸಂಗೀತ ಶಿಕ್ಷಕಿ:

ಅದಕ್ಕೆ ನಮ್ಮಲ್ಲಿ ಚಿಹ್ನೆ ಇದೆ. ಬಂದಿಶಿನ ಒಂದು ಅಕ್ಷರ ಮುಂದಿನ ಮಾತ್ರೆಗಳಿಗೂ ಎಳೆಯುತ್ತಿದ್ದರೆ ಸಾಹಿತ್ಯದ ಸಾಲಿನಲ್ಲಿ ಅವಗ್ರಹ ಹಾಕುತ್ತೇವೆ. ನಾಲ್ಕನೆಯ ಮನೆಯ ನಂತರ ಬೇಕಾದಷ್ಟು ಅವಗ್ರಹಗಳನ್ನು ಬರೆಯಿರಿ:

4 | ಽ | ಽ | ಽ | 5

ಮಾತು ನಡೆಯುವಾಗ ಮೇಲಿನ ಎರಡು ಸಾಲುಗಳಲ್ಲಿ ಏನೂ ಬದಲಾಗುವುದಿಲ್ಲ, ಸಂಶಯದ ಸಾಲು ಮಾತ್ರ ಕರಗುತ್ತ ಹೋಗುತ್ತದೆ. ಒಂದು ಅವಗ್ರಹಕ್ಕೆ ಎಷ್ಟು ಹೊತ್ತು ಎಂದು ಮಾತ್ರ ನನ್ನನ್ನು ಕೇಳಬೇಡಿ, ಲಯ ಎಷ್ಟೆಂಬುದನ್ನು ನಾವೂ ವಿಲಂಬಿತ (ನಿಧಾನ), ಮಧ್ಯ, ದ್ರುತ (ವೇಗ) ಎಂದು ತಲೆಬರಹದಲ್ಲಿ ಬರೆದು ಬಿಟ್ಟುಬಿಡುತ್ತೇವೆ.

ವಿಜಯಪುರ ಮಾಸ್ತರ:

ಅವಗ್ರಹವನ್ನು ಸೇರಿಸಿದ್ದೇನೆ. ತಲೆಬರಹದಲ್ಲಿ ಈಗ ಜನ ಯಾರು, ಎಷ್ಟು ಕಡೆಯಿಂದ ನೋಡುತ್ತಾರೆ, ಲಯ ಯಾವುದು ಎಂಬ ಮೂರು ವಿವರ, ಅದರ ಕೆಳಗೆ ಭಾರ, ತೋರಿಕೆ, ನಿಜ, ಸಂಶಯ ಎಂಬ ಸಾಲುಗಳು. ಸುತ್ತ ಜನ ನಿಂತ ಆಟವಾದರೆ ತೋರಿಕೆಯ ಸಾಲನ್ನು ಎದುರಿನವರಿಗೊಂದು, ಬೆನ್ನ ಹಿಂದಿನವರಿಗೊಂದು ಎಂದು ಎರಡಾಗಿ ಒಡೆಯಬೇಕು. ಬಾದಾಮಿಯವರು ಬಟ್ಟಲು ಮತ್ತು ಗುಂಡಿನ ಆಟದ ತೋರಿಕೆ ಮತ್ತು ಸಂಶಯದ ಸಾಲುಗಳನ್ನು ನೆನಪಿದ್ದಷ್ಟು ಬರೆದು ಹಾಕಿದರೆ, ನಿಜದ ಸಾಲಿನ ಮನೆಗಳನ್ನು ಖಾಲಿಯಾಗಿಯೇ ಬಿಟ್ಟು ಈ ಪದ್ಧತಿ ಅಷ್ಟು ಉದ್ದದ ಆಟವನ್ನು ತಾಳಿಕೊಳ್ಳುತ್ತದೆಯೋ ಇಲ್ಲವೋ ನೋಡಬಹುದು.

ಬನಶಂಕರಿ ಬಯಲು, ಬಾದಾಮಿ:

ಬರೆಯುತ್ತೇನೆ. ಮೂರು ಬಟ್ಟಲು, ಸುತ್ತ ಜನ, ಲಯ ದ್ರುತ. ಒಂದೇ ಒಂದು ವಿಷಯ ಮೊದಲೇ ಹೇಳಿಬಿಡಿ: ಎರಡು ಬಟ್ಟಲುಗಳ ಮೇಲೆ ಒಂದೇ ಹೊತ್ತಿಗೆ ಸಂಶಯ ಇದ್ದರೆ ಪ್ರಶ್ನೆ ಚಿಹ್ನೆಯನ್ನು ಎರಡು ಕಡೆ ಹಾಕಬೇಕೇ, ಅಥವಾ ಜನ ಹೆಚ್ಚಾಗಿ ಕೂಗಿದ ಬಟ್ಟಲಿಗೆ ಮಾತ್ರವೇ?

ವಿಜಯಪುರ ಮಾಸ್ತರ:

ಎರಡು ಕಡೆಯೂ ಹಾಕಿ, ಹೆಚ್ಚು ಕೂಗಿದ ಕಡೆ ಎರಡು ಸಲ ಹಾಕಿ.